ಗಾಂಜಾ ಅವಲಂಬನೆ

ಗಾಂಜಾ ಅವಲಂಬನೆ ಎಂದರೆ ಗಾಂಜಾ ಗಿಡದಿಂದ (ಕ್ಯಾನಬಿಸ್ ಸಟೈವಾ) ದೊರೆಯುವ ಗಾಂಜಾ, ಚರಸ್, ಭಂಗಿ ಮೊದಲಾದ ಮಾದಕ ಪದಾರ್ಥಗಳ ಸೇವನೆಯ ಮೇಲೆ ವ್ಯಕ್ತಿಯು ಹಿಡಿತ ಕಳೆದುಕೊಂಡು, ಅದರಿಂದ ಹಾನಿಯಾಗುತ್ತಿದೆ ಎಂದು ತಿಳಿದ ಮೇಲೂ ಬಿಡಲಾಗದೆ ಮುಂದುವರಿಸುವ ಸ್ಥಿತಿ. ಗಾಂಜಾ ನಿಜವಾಗಿ ವ್ಯಸನಕಾರಿಯೇ ಅಥವಾ ಕೇವಲ ರೂಢಿಯಾಗುವ ವಸ್ತುವೇ ಎಂಬುದು ದೀರ್ಘಕಾಲ ಚರ್ಚೆಯಲ್ಲಿದ್ದ ಪ್ರಶ್ನೆ. ಸೇವಿಸುವವರಲ್ಲಿ ಹೆಚ್ಚಿನವರು ಅವಲಂಬಿತರಾಗುವುದಿಲ್ಲ, ಆದರೆ ಒಂದು ಭಾಗದ ಜನರಲ್ಲಿ ದೈಹಿಕ ಮತ್ತು ಮಾನಸಿಕ ಲಕ್ಷಣಗಳಿರುವ ಅವಲಂಬನೆ ಉಂಟಾಗುತ್ತದೆ ಎಂಬುದು ಇಂದಿನ ವೈದ್ಯಕೀಯ ನಿಲುವು.

ವ್ಯಸನ ಮತ್ತು ರೂಢಿ

ಕನ್ನಡದಲ್ಲಿ ‘ಚಟ’ ಎಂಬ ಒಂದೇ ಪದವು ಕಾಫಿಯ ರೂಢಿಯಿಂದ ಹಿಡಿದು ಮದ್ಯದ ವ್ಯಸನದವರೆಗೆ ಎಲ್ಲಕ್ಕೂ ಬಳಕೆಯಾಗುತ್ತದೆ. ವೈದ್ಯಕೀಯದಲ್ಲಿ ಈ ಎರಡನ್ನೂ ಬೇರ್ಪಡಿಸುವ ಪ್ರಯತ್ನ ನಡೆದಿತ್ತು. 1957ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಸಮಿತಿಯು ಎರಡಕ್ಕೂ ಪ್ರತ್ಯೇಕ ವ್ಯಾಖ್ಯೆ ನೀಡಿತು. ತಡೆಯಲಾಗದ ಒತ್ತಾಸೆ, ಪ್ರಮಾಣವನ್ನು ಹೆಚ್ಚಿಸುತ್ತ ಹೋಗುವ ಪ್ರವೃತ್ತಿ, ಸಾಮಾನ್ಯವಾಗಿ ದೈಹಿಕ ಅವಲಂಬನೆ ಹಾಗೂ ವ್ಯಕ್ತಿ ಮತ್ತು ಸಮಾಜ ಎರಡಕ್ಕೂ ಹಾನಿ ಇದ್ದರೆ ಅದು ವ್ಯಸನ. ಬಯಕೆಯಿದ್ದರೂ ಒತ್ತಾಸೆಯಿಲ್ಲದೆ, ನಿಲ್ಲಿಸಿದಾಗ ದೇಹಕ್ಕೆ ತೊಂದರೆಯಾಗದಿದ್ದರೆ ಅದು ರೂಢಿ.

ಆದರೆ ಒಂದೇ ವಸ್ತು ಒಬ್ಬರಲ್ಲಿ ರೂಢಿಯಾಗಿ, ಮತ್ತೊಬ್ಬರಲ್ಲಿ ವ್ಯಸನವಾಗಿ ಕಾಣಿಸಿಕೊಳ್ಳುತ್ತಿದ್ದುದರಿಂದ ಈ ವಿಂಗಡಣೆ ಬಹುಕಾಲ ನಿಲ್ಲಲಿಲ್ಲ. 1964ರಲ್ಲಿ ಅದೇ ಸಂಸ್ಥೆಯು ಎರಡೂ ಪದಗಳ ಬದಲಿಗೆ ‘ಅವಲಂಬನೆ’ ಎಂಬ ಪದವನ್ನು ಶಿಫಾರಸು ಮಾಡಿತು. ಗಾಂಜಾದ ವಿಷಯದಲ್ಲಿ ಆಗಿನ ತಜ್ಞರು ಮಾನಸಿಕ ಅವಲಂಬನೆಯನ್ನು ಮಾತ್ರ ಗುರುತಿಸಿದ್ದರು. ‘ಗಾಂಜಾ ವ್ಯಸನವಲ್ಲ, ಬರಿಯ ಅಭ್ಯಾಸ’ ಎಂಬ ಜನಪ್ರಿಯ ಅಭಿಪ್ರಾಯಕ್ಕೆ ಈ ಹಳೆಯ ವಿಂಗಡಣೆಯೇ ಒಂದು ಆಧಾರ.

ಮಿದುಳಿನ ಮೇಲೆ ಪರಿಣಾಮ

1964ರಲ್ಲಿ ಇಸ್ರೇಲಿನ ರಸಾಯನಶಾಸ್ತ್ರಜ್ಞ ರಫೇಲ್ ಮೆಕೂಲಮ್ ಮತ್ತು ಯೆಹಿಯೆಲ್ ಗವೋನಿ ಅವರು ಗಾಂಜಾದ ಮುಖ್ಯ ಮಾದಕ ಅಂಶವಾದ ಟೆಟ್ರಾಹೈಡ್ರೊಕ್ಯಾನಬಿನಾಲ್ (ಟಿಎಚ್‌ಸಿ) ಅನ್ನು ಬೇರ್ಪಡಿಸಿ ಅದರ ರಚನೆಯನ್ನು ತಿಳಿಸಿದರು. ಟಿಎಚ್‌ಸಿ ಅಂಟಿಕೊಳ್ಳುವ ಸಿಬಿ1 ಎಂಬ ಗ್ರಾಹಕವು 1988ರಲ್ಲಿ ಮಿದುಳಿನಲ್ಲಿ ಪತ್ತೆಯಾಯಿತು. ಇದೇ ಗ್ರಾಹಕದ ಮೇಲೆ ಕೆಲಸ ಮಾಡುವ, ದೇಹವೇ ತಯಾರಿಸುವ ಅಣುವೊಂದನ್ನು 1992ರಲ್ಲಿ ಗುರುತಿಸಿ, ಸಂಸ್ಕೃತದ ‘ಆನಂದ’ ಪದದಿಂದ ಅದಕ್ಕೆ ‘ಆನಂದಮೈಡ್’ ಎಂದು ಹೆಸರಿಡಲಾಯಿತು.

ಇತರ ಮಾದಕ ವಸ್ತುಗಳಂತೆ ಟಿಎಚ್‌ಸಿ ಕೂಡ ಮಿದುಳಿನ ಪ್ರತಿಫಲ ವ್ಯವಸ್ಥೆಯಲ್ಲಿ ಡೋಪಮಿನ್ ಬಿಡುಗಡೆಗೆ ಕಾರಣವಾಗುತ್ತದೆ. ಪ್ರತಿನಿತ್ಯ ಸೇವಿಸುವವರಲ್ಲಿ ಸಿಬಿ1 ಗ್ರಾಹಕಗಳ ಲಭ್ಯತೆ ಕುಗ್ಗುತ್ತದೆ. ಇದರಿಂದ ಮೊದಲಿನ ಪ್ರಮಾಣವು ಮೊದಲಿನ ಪರಿಣಾಮವನ್ನು ನೀಡದಾಗುತ್ತದೆ. ಇದನ್ನು ಸಹಿಷ್ಣುತೆ ಎನ್ನುತ್ತಾರೆ. ಸುಮಾರು ನಾಲ್ಕು ವಾರ ಸೇವನೆ ನಿಲ್ಲಿಸಿದರೆ ಮಿದುಳಿನ ಹೆಚ್ಚಿನ ಭಾಗಗಳಲ್ಲಿ ಗ್ರಾಹಕಗಳು ಸಹಜ ಮಟ್ಟಕ್ಕೆ ಮರಳುವುದನ್ನು ಮಿದುಳಿನ ಚಿತ್ರಣ ಅಧ್ಯಯನಗಳು ತೋರಿಸಿವೆ. ಉಸಿರಾಟವನ್ನು ನಿಯಂತ್ರಿಸುವ ಮಿದುಳುಕಾಂಡದಲ್ಲಿ ಈ ಗ್ರಾಹಕಗಳು ವಿರಳ. ಆದ್ದರಿಂದ ಅಫೀಮು ವರ್ಗದ ಮಾದಕಗಳಲ್ಲಿ ಆಗುವಂತೆ ಅತಿಯಾದ ಪ್ರಮಾಣದಿಂದ ಉಸಿರು ನಿಲ್ಲುವ ಅಪಾಯ ಗಾಂಜಾದಲ್ಲಿ ಅತ್ಯಲ್ಪ. ಈ ವ್ಯತ್ಯಾಸವು ಅಪಾಯದ ಸ್ವರೂಪಕ್ಕೆ ಸಂಬಂಧಿಸಿದ್ದೇ ಹೊರತು, ಅವಲಂಬನೆ ಉಂಟಾಗುವುದಿಲ್ಲ ಎಂಬುದಕ್ಕೆ ಸಾಕ್ಷ್ಯವಲ್ಲ.

ಹಿಂತೆಗೆತದ ಲಕ್ಷಣಗಳು

ನಿಯಮಿತ ಸೇವನೆಯನ್ನು ಹಠಾತ್ತನೆ ನಿಲ್ಲಿಸಿದಾಗ ಕಾಣಿಸಿಕೊಳ್ಳುವ ತೊಂದರೆಗಳನ್ನು ಹಿಂತೆಗೆತದ ಲಕ್ಷಣಗಳು ಎಂದು ಕರೆಯಲಾಗುತ್ತದೆ. ಗಾಂಜಾದ ವಿಷಯದಲ್ಲಿ ಅವು ಹೀಗಿವೆ:

• ಸಿಡುಕು, ಕೋಪ, ಆತಂಕ
• ನಿದ್ರಾಹೀನತೆ, ಕಾಡುವ ಕನಸುಗಳು
• ಹಸಿವು ಕಡಿಮೆಯಾಗುವುದು, ತೂಕ ಇಳಿಯುವುದು
• ಚಡಪಡಿಕೆ, ಖಿನ್ನತೆ
• ತಲೆನೋವು, ಬೆವರುವಿಕೆ, ನಡುಕ, ಹೊಟ್ಟೆನೋವು

ಇವು ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಆರಂಭವಾಗಿ, ಮೊದಲ ವಾರದಲ್ಲಿ ತೀವ್ರವಾಗಿದ್ದು, ಎರಡು ಮೂರು ವಾರಗಳಲ್ಲಿ ಇಳಿಯುತ್ತವೆ. ನಿದ್ರೆಯ ತೊಂದರೆ ಇನ್ನೂ ಕೆಲಕಾಲ ಉಳಿಯಬಹುದು. ಮದ್ಯವನ್ನು ಹಠಾತ್ತನೆ ಬಿಟ್ಟಾಗ ಸಂಭವಿಸಬಹುದಾದ ಸೆಳವು, ಸನ್ನಿಯಂತಹ ಪ್ರಾಣಾಪಾಯದ ಸ್ಥಿತಿಗಳು ಇಲ್ಲಿ ಸಾಮಾನ್ಯವಲ್ಲ.

ಟಿಎಚ್‌ಸಿ ಕೊಬ್ಬಿನಲ್ಲಿ ಕರಗಿ ಶೇಖರಗೊಳ್ಳುತ್ತದೆ ಮತ್ತು ದೇಹದಿಂದ ನಿಧಾನವಾಗಿ ಹೊರಹೋಗುತ್ತದೆ. ಹೀಗಾಗಿ ಲಕ್ಷಣಗಳು ಮಂದವಾಗಿ ಕಾಣಿಸಿಕೊಳ್ಳುತ್ತವೆ. ದೈಹಿಕ ಅವಲಂಬನೆಯು ಬಹುಕಾಲ ಗಮನಕ್ಕೆ ಬಾರದಿರಲು ಇದೂ ಒಂದು ಕಾರಣ. 1995ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ, ಟಿಎಚ್‌ಸಿಗೆ ಒಗ್ಗಿದ ಇಲಿಗಳಿಗೆ ಸಿಬಿ1 ಗ್ರಾಹಕವನ್ನು ತಡೆಯುವ ಔಷಧ ನೀಡಿದಾಗ ಹಿಂತೆಗೆತದ ಲಕ್ಷಣಗಳು ಸ್ಪಷ್ಟವಾಗಿ ಕಂಡುಬಂದವು.

ರೋಗನಿರ್ಣಯ

ಅಮೆರಿಕದ ಮನೋವೈದ್ಯಕೀಯ ಸಂಘದ ಕೈಪಿಡಿಯ 1994ರ ಆವೃತ್ತಿಯಲ್ಲಿ ಗಾಂಜಾ ಹಿಂತೆಗೆತಕ್ಕೆ ಸ್ಥಾನವಿರಲಿಲ್ಲ. 2013ರ ಐದನೆಯ ಆವೃತ್ತಿಯಲ್ಲಿ (ಡಿಎಸ್‌ಎಂ-5) ಅದನ್ನು ಸೇರಿಸಲಾಯಿತು. ಈ ಆವೃತ್ತಿಯು ‘ಗಾಂಜಾ ಬಳಕೆಯ ಅಸ್ವಸ್ಥತೆ’ಗೆ 11 ಮಾನದಂಡಗಳನ್ನು ನೀಡುತ್ತದೆ. ಉದ್ದೇಶಿಸಿದ್ದಕ್ಕಿಂತ ಹೆಚ್ಚು ಸೇವಿಸುವುದು, ಬಿಡಲು ಯತ್ನಿಸಿ ಸೋಲುವುದು, ಓದು, ಉದ್ಯೋಗ ಅಥವಾ ಮನೆಯ ಹೊಣೆಗಾರಿಕೆ ಕೆಡುವುದು ಅವುಗಳಲ್ಲಿ ಕೆಲವು. ಹನ್ನೆರಡು ತಿಂಗಳ ಅವಧಿಯಲ್ಲಿ 2–3 ಮಾನದಂಡಗಳು ಕಂಡರೆ ಸೌಮ್ಯ, 4–5 ಇದ್ದರೆ ಮಧ್ಯಮ, 6 ಅಥವಾ ಹೆಚ್ಚಿದ್ದರೆ ತೀವ್ರ ಎಂದು ಪರಿಗಣಿಸಲಾಗುತ್ತದೆ. ಹೀಗೆ ರೂಢಿ ಮತ್ತು ವ್ಯಸನವನ್ನು ಎರಡು ಬೇರೆ ಜಾತಿಗಳಾಗಿ ನೋಡದೆ, ಒಂದೇ ಸಾಲಿನ ಹಂತಗಳಾಗಿ ಅಳೆಯಲಾಗುತ್ತದೆ.

ವ್ಯಾಪ್ತಿ ಮತ್ತು ಅಪಾಯದ ಅಂಶಗಳು

1994ರಲ್ಲಿ ಪ್ರಕಟವಾದ ಅಮೆರಿಕದ ರಾಷ್ಟ್ರೀಯ ಸಮೀಕ್ಷೆಯೊಂದರ ವಿಶ್ಲೇಷಣೆಯ ಪ್ರಕಾರ, ಒಮ್ಮೆಯಾದರೂ ಗಾಂಜಾ ಸೇವಿಸಿದವರಲ್ಲಿ ಸುಮಾರು 9% ಜನರು ಜೀವನದ ಯಾವುದೋ ಹಂತದಲ್ಲಿ ಅವಲಂಬಿತರಾಗಿದ್ದರು. ಅದೇ ಲೆಕ್ಕದಲ್ಲಿ ಮದ್ಯಕ್ಕೆ ಸುಮಾರು 15%, ಕೊಕೇನ್‌ಗೆ 17%, ಹೆರಾಯಿನ್‌ಗೆ 23% ಮತ್ತು ತಂಬಾಕಿಗೆ 32% ಇತ್ತು. ಹದಿಹರೆಯದಲ್ಲೇ ಆರಂಭಿಸಿದವರಲ್ಲಿ ಮತ್ತು ಪ್ರತಿನಿತ್ಯ ಸೇವಿಸುವವರಲ್ಲಿ ಅಪಾಯ ಹೆಚ್ಚು. ಆನುವಂಶಿಕತೆ, ಮಾನಸಿಕ ಕಾಯಿಲೆ ಮತ್ತು ಜೊತೆಗೆ ಸೇವಿಸುವ ತಂಬಾಕು ಕೂಡ ಪ್ರಭಾವ ಬೀರುತ್ತವೆ. ಅಮೆರಿಕದಲ್ಲಿ ವಶಪಡಿಸಿಕೊಂಡ ಗಾಂಜಾ ಮಾದರಿಗಳಲ್ಲಿ ಟಿಎಚ್‌ಸಿ ಪ್ರಮಾಣವು 1995ರಲ್ಲಿ ಸುಮಾರು 4% ಇದ್ದದ್ದು 2014ರ ವೇಳೆಗೆ ಸುಮಾರು 12%ಕ್ಕೆ ಏರಿತ್ತು. ಆದ್ದರಿಂದ ಹಳೆಯ ಅಂಕಿಅಂಶಗಳು ಇಂದಿನ ಗಾಂಜಾಕ್ಕೆ ಹಾಗೆಯೇ ಅನ್ವಯವಾಗಬೇಕೆಂದಿಲ್ಲ.

ಭಾರತದಲ್ಲಿ

ಕೇಂದ್ರ ಸಾಮಾಜಿಕ ನ್ಯಾಯ ಮತ್ತು ಸಬಲೀಕರಣ ಸಚಿವಾಲಯವು 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ ಸುಮಾರು 3.1 ಕೋಟಿ ಜನರು (2.8%) ಹಿಂದಿನ ಒಂದು ವರ್ಷದಲ್ಲಿ ಗಾಂಜಾ ಗಿಡದ ಉತ್ಪನ್ನಗಳನ್ನು ಸೇವಿಸಿದ್ದರು. ಇವರಲ್ಲಿ ಸುಮಾರು 72 ಲಕ್ಷ ಜನರಿಗೆ ನೆರವಿನ ಅಗತ್ಯವಿತ್ತು. ಭಂಗಿ ಸೇವಿಸುವವರ ಸಂಖ್ಯೆ ಹೆಚ್ಚಾಗಿದ್ದರೂ, ಹಾನಿಕರ ಬಳಕೆ ಮತ್ತು ಅವಲಂಬನೆಯ ಪ್ರಮಾಣವು ಗಾಂಜಾ ಮತ್ತು ಚರಸ್ ಸೇದುವವರಲ್ಲಿ ಹೆಚ್ಚಾಗಿತ್ತು.

1985ರ ಮಾದಕ ವಸ್ತುಗಳ ಕಾಯ್ದೆಯು (ಎನ್‌ಡಿಪಿಎಸ್ ಕಾಯ್ದೆ) ವ್ಯಸನಿಯನ್ನು ಮಾದಕ ವಸ್ತುವಿನ ಮೇಲೆ ಅವಲಂಬಿತನಾದ ವ್ಯಕ್ತಿ ಎಂದೇ ವ್ಯಾಖ್ಯಾನಿಸುತ್ತದೆ. ಸೇವನೆ ಅಥವಾ ಅಲ್ಪ ಪ್ರಮಾಣದ ಆರೋಪ ಎದುರಿಸುತ್ತಿರುವ ವ್ಯಸನಿಯು ಸರ್ಕಾರಿ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಸ್ವಇಚ್ಛೆಯಿಂದ ಚಿಕಿತ್ಸೆಗೆ ಮುಂದಾದರೆ, ಕಾಯ್ದೆಯ 64ಎ ವಿಧಿಯಡಿ ವಿಚಾರಣೆಯಿಂದ ವಿನಾಯಿತಿಗೆ ಅವಕಾಶವಿದೆ. ಹೀಗಾಗಿ ಅವಲಂಬನೆಯನ್ನು ಗುರುತಿಸುವುದು ಚಿಕಿತ್ಸೆಯ ಜೊತೆಗೆ ಕಾನೂನಿನ ದೃಷ್ಟಿಯಿಂದಲೂ ಮಹತ್ವದ್ದಾಗಿದೆ.

ಚಿಕಿತ್ಸೆ

ಗಾಂಜಾ ಅವಲಂಬನೆಗೆಂದೇ ಸ್ಥಾಪಿತವಾದ ಔಷಧವಿಲ್ಲ. ಬದಲಾವಣೆಯ ಮನಸ್ಸನ್ನು ಬಲಪಡಿಸುವ ಆಪ್ತಸಮಾಲೋಚನೆ, ಆಲೋಚನೆ ಮತ್ತು ವರ್ತನೆಯನ್ನು ತಿದ್ದುವ ಚಿಕಿತ್ಸೆ ಹಾಗೂ ಕುಟುಂಬದ ಬೆಂಬಲ ಚಿಕಿತ್ಸೆಯ ಮುಖ್ಯ ಭಾಗಗಳು. ನಿದ್ರಾಹೀನತೆ, ಆತಂಕಗಳಿಗೆ ಅಗತ್ಯವಿದ್ದಲ್ಲಿ ಅಲ್ಪಾವಧಿಯ ಔಷಧ ನೀಡಲಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ವ್ಯಸನ ಚಿಕಿತ್ಸೆಗೆ ಪ್ರತ್ಯೇಕ ಕೇಂದ್ರವಿದೆ. ಮೊದಲ ವಾರದ ನಿದ್ರಾಹೀನತೆ ಮತ್ತು ಸಿಡುಕನ್ನು ತಾಳಲಾರದೆ ಅನೇಕರು ಮತ್ತೆ ಸೇವನೆಗೆ ಮರಳುವುದುಂಟು. ಅವು ತಾತ್ಕಾಲಿಕ ಲಕ್ಷಣಗಳೆಂದು ರೋಗಿಗೂ ಮನೆಯವರಿಗೂ ಮೊದಲೇ ತಿಳಿಸುವುದು ಚಿಕಿತ್ಸೆಯ ಒಂದು ಅಂಗವಾಗಿದೆ.