ಕರಾವಳಿಯ ಮದುವೆ: ಊಟದ ಬಳಿಕ ನೆಂಟರು ಎಲ್ಲಿಗೆ ಹೋಗಬಹುದು?

ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಿಂದ ಮಂಗಳೂರು ಅಥವಾ ಉಡುಪಿಯ ಮದುವೆಗೆ ಬರುವ ನೆಂಟರಲ್ಲಿ ಹಲವರು ರಾತ್ರಿಯಿಡೀ ಬಸ್ಸಿನಲ್ಲಿ ಪಯಣಿಸಿ ಬೆಳಿಗ್ಗೆ ಇಳಿಯುತ್ತಾರೆ. ಧಾರೆ ಮುಗಿದು ಊಟವಾಗುವಾಗ ಮಧ್ಯಾಹ್ನ ಎರಡು ಗಂಟೆ. ಮರಳುವ ಬಸ್ಸು ಹೊರಡುವುದು ರಾತ್ರಿ. ನಡುವಿನ ಆರೇಳು ಗಂಟೆಗಳಿಗೆ ಎಲ್ಲರಿಗೂ ಹೊಳೆಯುವುದು ಒಂದೇ ಜಾಗ: ಸಮುದ್ರ. ಆದರೆ ಮದುವೆಗಳ ಭರಾಟೆಯ ಏಪ್ರಿಲ್, ಮೇ ತಿಂಗಳುಗಳಲ್ಲಿ ಮಧ್ಯಾಹ್ನದ ಮರಳು ಕಾದ ಹೆಂಚಿನಂತಿರುತ್ತದೆ. ಹೊತ್ತನ್ನು ಹಂಚಿಕೊಳ್ಳುವುದರಲ್ಲಿಯೇ ಜಾಣತನವಿದೆ.

ಬಿಸಿಲ ಹೊತ್ತಿಗೆ ಕಲ್ಲಿನ ನೆರಳು ಸೂಕ್ತ. ಮೂಡುಬಿದಿರೆಯಲ್ಲಿ 1430ರ ಸಾವಿರ ಕಂಬದ ಬಸದಿಯಿದೆ. ಅಲ್ಲಿಂದ ಅರ್ಧ ಗಂಟೆಯ ದಾರಿಯ ಕಾರ್ಕಳದಲ್ಲಿ 1432ರಲ್ಲಿ ಪ್ರತಿಷ್ಠಾಪನೆಗೊಂಡ 42 ಅಡಿ ಎತ್ತರದ ಗೊಮ್ಮಟನಿದ್ದಾನೆ. ಬಂಡೆ ಏರಬೇಕಾದ್ದರಿಂದ ಬಿಸಿಲು ಇಳಿದ ಮೇಲೆ ಹತ್ತುವುದು ಒಳಿತು. ಮಂಗಳೂರಿನಲ್ಲಿಯೇ ಉಳಿಯುವವರು ಕದ್ರಿ ಮಂಜುನಾಥ ದೇವಾಲಯದಲ್ಲಿ ಕ್ರಿ.ಶ. 968ರ, ಆಳುಪರ ಕಾಲದ ಲೋಕೇಶ್ವರನ ಕಂಚಿನ ವಿಗ್ರಹವನ್ನು ನೋಡಬಹುದು. ಉಡುಪಿಯಲ್ಲಿ ಕೃಷ್ಣನ ದರ್ಶನ ನವಗ್ರಹ ಕಿಂಡಿಯ ಮೂಲಕ. ಮದುವೆಗೆ ಉಟ್ಟ ಪಂಚೆ, ಸೀರೆಗಳೇ ಇಲ್ಲಿಗೂ ಒಪ್ಪುತ್ತವೆ.

ಮಲ್ಪೆಯಿಂದ ದೋಣಿಯಲ್ಲಿ ತಲುಪುವ ಸೇಂಟ್ ಮೇರೀಸ್ ದ್ವೀಪಕ್ಕೆ ಮಾತ್ರ ಬೆಳಗಿನ ಹೊತ್ತೇ ಬೇಕು. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಲಾವಾರಸ ತಣ್ಣಗಾಗಿ ಕುಗ್ಗುವಾಗ ಸೀಳಿ ಮೂಡಿದ ಕಂಬದಾಕಾರದ ಶಿಲೆಗಳು ಇಲ್ಲಿವೆ. ಮದುವೆಯ ಮರುದಿನವೂ ಉಳಿಯುವವರಿಗೆ ಇದು ಹೊಂದುತ್ತದೆ. ಮಳೆಗಾಲದಲ್ಲಿ ದೋಣಿಗಳು ಸಂಚರಿಸುವುದಿಲ್ಲ.

ಸಂಜೆ ಐದರ ಬಳಿಕ ಪಣಂಬೂರು, ಮಲ್ಪೆ, ಕಾಪು ತೀರಗಳು ಹಿತಕರ. ಆದರೆ ಘಟ್ಟದ ಮೇಲಿನವರು ಅರಿಯಬೇಕಾದ ಮಾತೊಂದಿದೆ. ದಡಕ್ಕೆ ಅಪ್ಪಳಿಸಿದ ನೀರು ಕಡಲಿಗೆ ಮರಳಲೇಬೇಕು. ಕೆಲವೆಡೆ ಅದು ಮರಳದಿಬ್ಬಗಳ ನಡುವಿನ ಕಿರಿದಾದ ಜಾಗದಲ್ಲಿ ಒಟ್ಟುಗೂಡಿ ರಭಸದಿಂದ ಹಿಂದಕ್ಕೆ ಹರಿಯುತ್ತದೆ. ಅಲ್ಲಿ ಆಳ ಹೆಚ್ಚಿರುವುದರಿಂದ ಅಲೆ ಒಡೆಯುವುದು ಕಡಿಮೆ. ಹೊಸಬರಿಗೆ ಅದೇ ಶಾಂತವಾದ ಜಾಗವೆಂದು ತೋರುತ್ತದೆ. ಸೆಳೆತಕ್ಕೆ ಸಿಕ್ಕಿದವರು ನೇರವಾಗಿ ದಡದತ್ತ ಈಜಿ ದಣಿಯಬಾರದು. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಸೆಳೆತ ದಾಟಿದ ಮೇಲೆ ದಡದತ್ತ ತಿರುಗಬೇಕು. ಈಜು ಬಾರದವರು ತೇಲುತ್ತ, ಕೈ ಎತ್ತಿ ನೆರವು ಕೇಳಬೇಕು. ರಕ್ಷಕ ಸಿಬ್ಬಂದಿಯಿಲ್ಲದ ತೀರದಲ್ಲಿ ನೀರಿಗಿಳಿಯದಿರುವುದೇ ಲೇಸು. ಒದ್ದೆಯಾದ ರೇಷ್ಮೆ ಸೀರೆ, ಪಂಚೆಗಳು ಕಾಲಿಗೆ ಸುತ್ತಿಕೊಳ್ಳುತ್ತವೆ ಎಂಬುದೂ ನೆನಪಿರಲಿ.

ರಾತ್ರಿ ತಂಗುವವರಿಗೆ ಯಕ್ಷಗಾನವಿದೆ. ಮೇಳಗಳ ತಿರುಗಾಟ ನವೆಂಬರ್ ಸುಮಾರಿಗೆ ಆರಂಭವಾಗಿ, ಮೇ ಕೊನೆಯ ವಾರದಲ್ಲಿ ಬರುವ ಪತ್ತನಾಜೆಯವರೆಗೆ ನಡೆಯುತ್ತದೆ. ಹರಕೆ ಬಯಲಾಟಕ್ಕೆ ಟಿಕೆಟ್ ಇಲ್ಲ, ಆಮಂತ್ರಣವೂ ಬೇಕಿಲ್ಲ. ಈಚಿನ ವರ್ಷಗಳಲ್ಲಿ ಕೆಲವು ಮೇಳಗಳು ಕಾಲಮಿತಿಯ ಪ್ರಯೋಗಕ್ಕೆ ಹೊರಳಿರುವುದರಿಂದ ನಿದ್ದೆಗೂ ಅವಕಾಶವುಂಟು.

ಮೀನೂಟದ ಆಸೆಯಿದ್ದವರಿಗೆ ಒಂದು ಸೂಚನೆ: ಜೂನ್, ಜುಲೈ ತಿಂಗಳುಗಳಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ ತಾಜಾ ಮೀನು ವಿರಳ, ಬೆಲೆಯೂ ಹೆಚ್ಚು. ಮುಹೂರ್ತವನ್ನು ಪುರೋಹಿತರು ಗೊತ್ತುಮಾಡುತ್ತಾರೆ. ಉಳಿದ ಹೊತ್ತನ್ನು ಋತು ನೋಡಿ ಗೊತ್ತುಮಾಡಿಕೊಳ್ಳುವುದು ನೆಂಟರ ಕೈಯಲ್ಲಿದೆ.