ನುಗ್ಗೆಯ ಸೊಪ್ಪು, ಕ್ಯಾನ್ಸರ್ ಚಿಕಿತ್ಸೆ ಮತ್ತು ಗಂಡಸರ ಸಂತಾನಶಕ್ತಿ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳು ಬಹುಮಟ್ಟಿಗೆ ಎರೆಭೂಮಿಯ ಸೀಮೆ. ಹಿಂಗಾರಿ ಜೋಳ, ಕಡಲೆ, ತೊಗರಿ ಇಲ್ಲಿಯ ಮುಖ್ಯ ಬೆಳೆಗಳು. ನೀರಿನ ಅನುಕೂಲವಿದ್ದಲ್ಲಿ ಲಿಂಬೆ, ದ್ರಾಕ್ಷಿ, ದಾಳಿಂಬೆಯ ತೋಟಗಳೂ ಉಂಟು. ಇವುಗಳ ಸಾಲಿನಲ್ಲಿ ನುಗ್ಗೆಯನ್ನು ಯಾರೂ ಎಣಿಸುವುದಿಲ್ಲ. ಅದು ಹಿತ್ತಲಿನ ಗಿಡ. ಕಾಯಿ ಸಾರಿಗೆ, ಸೊಪ್ಪು ಪಲ್ಲೆಗೆ ಎಂದಷ್ಟೇ ಅದರ ಲೆಕ್ಕ. ಆದರೆ ಈಚೆಗೆ ಈ ಗಿಡದ ಹೆಸರು ರೋಗಿಗಳ ಮನೆಗಳಲ್ಲಿಯೂ ಕೇಳಿಬರತೊಡಗಿದೆ. ಆ ಕಾರಣದಿಂದ ಅದರ ವಿಷಯವಾಗಿ ನಾಲ್ಕು ಮಾತುಗಳನ್ನು ಸ್ಪಷ್ಟವಾಗಿ ಬರೆಯುವುದು ಅವಶ್ಯವೆಂದು ತೋರಿತು.

ಇಂಡಿ ತಾಲೂಕಿನಲ್ಲಿ ತಿರುಗಾಟದಲ್ಲಿದ್ದಾಗ ಒಬ್ಬ ರೈತರು ನನ್ನನ್ನು ಬದುವಿನ ಮೇಲೆ ನಿಲ್ಲಿಸಿಕೊಂಡು ಕೇಳಿದರು: “ಸಾಹೇಬ್ರ, ನೀವು ನುಗ್ಗಿ ಸಸಿ ಹಚ್ಚರಿ ಅಂತ ಹೇಳ್ತೀರಿ. ಅದರ ತಪ್ಪಲ ತಿಂದ್ರ ನಮ್ಮ ಹುಡುಗಗ ಮುಂದ ಮಕ್ಕಳಾಗ್ತಾವೇನ್ರಿ?” ಅವರ ಮಗನಿಗೆ ಹತ್ತೊಂಬತ್ತು ವರ್ಷ. ಕ್ಯಾನ್ಸರ್ ರೋಗವೆಂದು ಗೊತ್ತಾಗಿ, ಮುಂದಿನ ವಾರ ಔಷಧ ಪ್ರಾರಂಭವಾಗುವುದಿತ್ತು. ಆ ಔಷಧದಿಂದ ಸಂತಾನಶಕ್ತಿ ಕುಂದುವುದುಂಟೆಂದು ಯಾರೋ ಅವರಿಗೆ ಹೇಳಿದ್ದರು. ನುಗ್ಗೆಯ ಪುಡಿ ಅದನ್ನು ಕಾಯುವುದೆಂದು ಮತ್ತೊಬ್ಬರು ಹೇಳಿದ್ದರು. ನಾನು ಹೆಚ್ಚು ವಿಚಾರ ಮಾಡದೆ, “ನುಗ್ಗೆ ಒಳ್ಳೆಯ ಪದಾರ್ಥ, ತಿನ್ನಿಸಿರಿ” ಎಂದು ಹೇಳಿ ಮುಂದೆ ಹೋದೆನು. ಆ ಉತ್ತರ ತಪ್ಪಾಗಿತ್ತು. ಅದು ಏಕೆ ತಪ್ಪೆಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಔಷಧವು ಬೀಜವನ್ನು ಕೆಡಿಸುವ ಬಗೆ

ಕ್ಯಾನ್ಸರ್ ಎಂಬುದು ದೇಹದ ಜೀವಕೋಶಗಳು ಮಿತಿಯಿಲ್ಲದೆ ಒಡೆದು ಬೆಳೆಯುವ ರೋಗ. ಕೀಮೋಥೆರಪಿಯ ಔಷಧಗಳು ಬಹುತರವಾಗಿ ಬೇಗ ಬೇಗ ಒಡೆಯುವ ಕೋಶಗಳನ್ನು ಹುಡುಕಿ ಕೊಲ್ಲುತ್ತವೆ. ಕಳೆನಾಶಕವು ಕಳೆಯೊಡನೆ ಬೆಳೆಗೂ ತಾಗುವಂತೆ, ಈ ಔಷಧಗಳು ಕೂದಲಿನ ಬುಡ, ಎಲುಬಿನ ಮಜ್ಜೆ, ಗಂಡಸರ ವೃಷಣ ಇವುಗಳಿಗೂ ತಾಗುತ್ತವೆ. ವೃಷಣದಲ್ಲಿ ಮೂಲಕೋಶಗಳೆಂಬುವು ಇರುತ್ತವೆ. ಇವುಗಳಿಂದ ವೀರ್ಯಾಣುಗಳು ತಯಾರಾಗಲು ಸುಮಾರು ೭೪ ದಿನಗಳು ಹಿಡಿಯುತ್ತವೆ. ಬೆಳೆದ ವೀರ್ಯಾಣುಗಳು ಮಾತ್ರ ಸತ್ತರೆ ಕೆಲವು ತಿಂಗಳುಗಳಲ್ಲಿ ಹೊಸವು ಬರಬಹುದು. ಮೂಲಕೋಶಗಳೇ ಸತ್ತರೆ ಬಿತ್ತನೆಯ ಬೀಜವೇ ಹೋದಂತೆ.

ಎಲ್ಲ ಔಷಧಗಳ ಹಾನಿಯೂ ಒಂದೇ ಅಲ್ಲ. ಸೈಕ್ಲೋಫಾಸ್ಫಮೈಡ್ ಎಂಬ ಬಹು ಬಳಕೆಯ ಔಷಧವು ಈ ವಿಷಯದಲ್ಲಿ ಹೆಚ್ಚು ಅಪಾಯದ್ದು. ದೇಹದೊಳಗೆ ಅದರಿಂದ ಹುಟ್ಟುವ ಒಂದು ಪದಾರ್ಥವು ಕೋಶದ ವಂಶತಂತುಗಳನ್ನು ಹಿಡಿದು ಕಟ್ಟಿಹಾಕುವುದು. ಇನ್ನೊಂದು ಪದಾರ್ಥವು ಕೋಶದಲ್ಲಿ ಆಮ್ಲಜನಕದ ಉಗ್ರ ಕಣಗಳನ್ನು ಹೆಚ್ಚಿಸಿ ಸುಡುವುದು. ಔಷಧದ ಒಟ್ಟು ಪ್ರಮಾಣ ಹೆಚ್ಚಾದಷ್ಟೂ ಹಾನಿ ಹೆಚ್ಚು. ಕೆಲವರಿಗೆ ಚಿಕಿತ್ಸೆ ಮುಗಿದ ಒಂದೆರಡು ವರ್ಷಗಳಲ್ಲಿ ಶಕ್ತಿ ಮರಳುವುದು, ಕೆಲವರಿಗೆ ಮರಳುವುದೇ ಇಲ್ಲ.

ಮಣಿಪಾಲದಲ್ಲಿ ನಡೆದ ಪರೀಕ್ಷೆಗಳು

ನುಗ್ಗೆಯ ಮಾತು ಬರಿಯ ವದಂತಿಯಲ್ಲ. ನಮ್ಮ ರಾಜ್ಯದ ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಸಂಶೋಧಕರು ನುಗ್ಗೆಯ ಎಲೆಯಿಂದ ಮದ್ಯಸಾರದಲ್ಲಿ ಸತ್ವವನ್ನು ತೆಗೆದು ಬಿಳಿ ಇಲಿಗಳಲ್ಲಿ ಪರೀಕ್ಷೆ ಮಾಡಿರುತ್ತಾರೆ. ೨೦೧೬ರಲ್ಲಿ ಪ್ರಕಟವಾದ ಮೊದಲ ಪರೀಕ್ಷೆಯು ಇನ್ನೂ ವಯಸ್ಸಿಗೆ ಬಾರದ ಮರಿಗಳದು. ಸೈಕ್ಲೋಫಾಸ್ಫಮೈಡ್ ಕೊಡುವ ಮುಂಚೆ ಎಲೆಯ ಸತ್ವವನ್ನು ಕೊಟ್ಟಾಗ ವೃಷಣದ ಮೂಲಕೋಶಗಳಿಗೆ ತಗಲುವ ಹಾನಿ ಕಡಿಮೆಯಾಯಿತು. ೨೦೨೦ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯಲ್ಲಿ ಅದೇ ಸತ್ವವು ವೃಷಣದ ಹಾನಿಯನ್ನು ತಗ್ಗಿಸಿ, ಅದರ ಹಾರ್ಮೋನುಗಳ ಕೆಲಸವನ್ನೂ ಸುಧಾರಿಸಿದ್ದು ಕಂಡುಬಂದಿತು. ಎಲೆಯಲ್ಲಿರುವ ಉತ್ಕರ್ಷಣ ನಿರೋಧಕ ಪದಾರ್ಥಗಳು ಮೇಲೆ ಹೇಳಿದ ಸುಡುವಿಕೆಯನ್ನು ತಡೆಯುವುದು ಇದಕ್ಕೆ ಒಂದು ಕಾರಣ.

ಇಂತಹ ವಿಚಾರಣೆ ನಮ್ಮ ಜಿಲ್ಲೆಗೂ ಹೊಸತಲ್ಲ. ವಿಜಯಪುರದ ಅಲ್-ಅಮೀನ್ ವೈದ್ಯಕೀಯ ಕಾಲೇಜಿನವರು ನಿಕಲ್ ಲವಣದಿಂದ ಇಲಿಗಳ ವೃಷಣಕ್ಕಾಗುವ ಹಾನಿಯನ್ನೂ, ‘ಸಿ’ ಜೀವಸತ್ವವು ಅದನ್ನು ತಡೆಯುವ ಬಗೆಯನ್ನೂ ೨೦೦೭ರಲ್ಲಿ ಪ್ರಕಟಿಸಿದರು. ಆದರೆ ಅದು ಲೋಹದ ವಿಷದ ಮಾತು, ಕ್ಯಾನ್ಸರ್ ಔಷಧದ ಮಾತಲ್ಲ. ಕೊಟ್ಟದ್ದು ಶುದ್ಧ ಜೀವಸತ್ವವೇ ಹೊರತು ಇಂಡಿಯ ಲಿಂಬೆಯಲ್ಲ.

ಇಲಿಯಿಂದ ಮನುಷ್ಯನವರೆಗೆ

ಈ ಫಲಿತಾಂಶಗಳು ಆಶಾದಾಯಕವಾದುವೆಂಬುದರಲ್ಲಿ ಸಂದೇಹವಿಲ್ಲ. ವಯಸ್ಸಿಗೆ ಬಾರದ ಬಾಲಕರಲ್ಲಿ ತೆಗೆದಿಡಲು ವೀರ್ಯಾಣುಗಳೇ ಇರುವುದಿಲ್ಲ. ವೃಷಣದ ತುಣುಕನ್ನು ತೆಗೆದು ಶೀತದಲ್ಲಿಡುವ ಕ್ರಮವು ಇನ್ನೂ ಪ್ರಯೋಗದ ಹಂತದಲ್ಲಿದೆ. ಅಂತಹ ಮಕ್ಕಳಿಗಾಗಿ ಈ ಸಂಶೋಧನೆ ಮುಂದುವರಿಯಲೇಬೇಕು. ಆದರೆ ನಮ್ಮ ಮನೆಗಳಲ್ಲಿ ಈಗಲೇ ಅದನ್ನು ಮದ್ದಾಗಿ ಬಳಸಕೂಡದೆನ್ನುವುದಕ್ಕೆ ಮೂರು ಕಾರಣಗಳುಂಟು.

೧. ಪರೀಕ್ಷೆ ನಡೆದದ್ದು ಇಲಿಗಳಲ್ಲಿ, ಅಳತೆಮಾಡಿದ ಸತ್ವದಿಂದ. ಮನೆಯ ಪಲ್ಲೆಯಲ್ಲಿಯೂ ಪೇಟೆಯ ಪುಡಿಯಲ್ಲಿಯೂ ಆ ಸತ್ವ ಎಷ್ಟಿರುವುದೆಂಬ ಅಳತೆಯಿಲ್ಲ.

೨. ವೃಷಣವನ್ನು ಕಾಯುವ ಪದಾರ್ಥವು ಕ್ಯಾನ್ಸರ್ ಕೋಶವನ್ನೂ ಕಾಯಬಹುದೆಂಬ ಭಯವುಂಟು. ಅಮೇರಿಕೆಯಲ್ಲಿ ಸ್ತನದ ಕ್ಯಾನ್ಸರ್ ರೋಗಿಗಳನ್ನು ಕುರಿತು ೨೦೨೦ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಚಿಕಿತ್ಸೆಯ ಮುಂಚೆಯೂ ನಡುವೆಯೂ ಉತ್ಕರ್ಷಣ ನಿರೋಧಕ ಗುಳಿಗೆಗಳನ್ನು ನುಂಗಿದವರಲ್ಲಿ ರೋಗ ಮರುಕಳಿಸುವುದು ಹೆಚ್ಚೆಂಬ ಸೂಚನೆ ಸಿಕ್ಕಿತು. ಅದು ಕೊನೆಯ ತೀರ್ಮಾನವಲ್ಲವಾದರೂ ಎಚ್ಚರಿಕೆಗೆ ಸಾಕು.

೩. ಸೈಕ್ಲೋಫಾಸ್ಫಮೈಡ್ ಯಕೃತ್ತಿನಲ್ಲಿ ಮಾರ್ಪಟ್ಟ ಮೇಲೆಯೇ ಕೆಲಸಮಾಡುವುದು. ಯಕೃತ್ತಿನ ಈ ಕೆಲಸವನ್ನು ಕೆಲವು ಗಿಡಮೂಲಿಕೆಗಳು ಹೆಚ್ಚುಕಡಿಮೆ ಮಾಡಬಲ್ಲವು. ಆಗ ಔಷಧದ ಪ್ರಮಾಣ ವೈದ್ಯರ ಲೆಕ್ಕ ತಪ್ಪುವುದು.

ಗಿಡದಿಂದ ಬಂದುದೆಲ್ಲ ನಿರುಪದ್ರವಿ ಎಂಬುದು ಭ್ರಮೆ. ನಮ್ಮ ಅಂಗಳದ ಕಾಶಿಕಣಗಿಲೆಯಿಂದಲೇ ವಿನ್‌ಕ್ರಿಸ್ಟಿನ್ ಎಂಬ ಪ್ರಬಲವಾದ ಕ್ಯಾನ್ಸರ್ ಔಷಧವನ್ನು ತೆಗೆಯುತ್ತಾರೆ. ಹಾಗೆಂದು ಯಾರೂ ಆ ಎಲೆಯನ್ನು ಅಗಿದು ತಿನ್ನಲಾರರು, ತಿನ್ನಲೂ ಕೂಡದು.

ಮೊದಲು ಬೀಜ ತೆಗೆದಿಡಿರಿ

ಹಾಗಾದರೆ ಆ ತಂದೆಗೆ ನಾನು ಹೇಳಬೇಕಾಗಿದ್ದುದೇನು? ನಮ್ಮ ಹಿರಿಯರು ಹಗೇವಿಗೆ ಜೋಳ ತುಂಬುವ ಮುಂಚೆ, ಮುಂದಿನ ವರ್ಷದ ಬೀಜದ ತೆನೆಯನ್ನು ಆರಿಸಿ ಬೇರೆ ಇಡುತ್ತಿದ್ದರು. ಬರ ಬಂದಾಗಲೂ ಅದಕ್ಕೆ ಕೈ ಹಚ್ಚುತ್ತಿರಲಿಲ್ಲ. ಇಲ್ಲಿಯೂ ಅದೇ ನ್ಯಾಯ. ಔಷಧದ ಮೊದಲ ಸರತಿಗೆ ಮುಂಚೆಯೇ ವೀರ್ಯವನ್ನು ತೆಗೆದು ಶೀತದಲ್ಲಿ ಇಡಿಸಬೇಕು.

ಇದು ನಮ್ಮ ರೈತರಿಗೆ ತಿಳಿಯದ ವಿದ್ಯೆಯಲ್ಲ. ಪಶುವೈದ್ಯ ಇಲಾಖೆಯವರು ದ್ರವ ಸಾರಜನಕದ ಪಾತ್ರೆಯಲ್ಲಿ ಹೋರಿಯ ವೀರ್ಯದ ಕಡ್ಡಿಗಳನ್ನು ತಂದು ಆಕಳುಗಳಿಗೆ ಕೃತಕ ಗರ್ಭಧಾರಣೆ ಮಾಡುವುದನ್ನು ಎಲ್ಲರೂ ಕಂಡಿದ್ದಾರೆ. ಗ್ಲಿಸರಿನ್ ಬೆರೆಸಿದರೆ ವೀರ್ಯಾಣುಗಳು ಶೀತದಲ್ಲಿಯೂ ಬದುಕುವುವೆಂದು ಇಂಗ್ಲಂಡಿನ ವಿಜ್ಞಾನಿಗಳು ೧೯೪೯ರಲ್ಲಿ ತೋರಿಸಿದರು. ೧೯೫೩ರಲ್ಲಿ ಅಮೇರಿಕೆಯಲ್ಲಿ ಹಾಗೆ ಇಟ್ಟ ಮನುಷ್ಯವೀರ್ಯದಿಂದ ಗರ್ಭ ನಿಂತ ವರದಿ ಬಂದಿತು. ಶೂನ್ಯಕ್ಕಿಂತ ೧೯೬ ಡಿಗ್ರಿ ಕೆಳಗಿನ ಶೀತದಲ್ಲಿ ವೀರ್ಯವು ವರ್ಷಗಟ್ಟಲೆ ಕೆಡದೆ ಉಳಿಯುವುದು. ಈ ಕೆಲಸಕ್ಕೆ ಸಾಮಾನ್ಯವಾಗಿ ಒಂದೆರಡು ದಿನ ಸಾಕು. ಚಿಕಿತ್ಸೆಯ ವೈದ್ಯರನ್ನು ಮೊದಲ ಭೇಟಿಯಲ್ಲಿಯೇ ನಾಚಿಕೆಯಿಲ್ಲದೆ ಕೇಳಿ, ೨೦೨೧ರ ಕಾಯಿದೆಯಂತೆ ನೋಂದಣಿಯಾದ ಕೇಂದ್ರಕ್ಕೆ ಹೋಗಬೇಕು. ಮದುವೆಯಾಗದ ಹುಡುಗನ ಮುಂದೆ ಈ ಮಾತು ಹೇಗೆ ಎತ್ತುವುದೆಂದು ಹಿರಿಯರು ಸಂಕೋಚಪಡುವುದು ಸಹಜ. ಆದರೆ ಆ ಸಂಕೋಚದ ಬೆಲೆ ಬಹಳ ದೊಡ್ಡದು. ಔಷಧ ಪ್ರಾರಂಭವಾದ ಮೇಲೆ ತೆಗೆದ ವೀರ್ಯದಲ್ಲಿ ವಂಶತಂತುಗಳ ದೋಷವಿರಬಹುದಾದುದರಿಂದ ವೇಳೆಯೇ ಇಲ್ಲಿ ಮುಖ್ಯ. ಇದೇ ಕಾರಣದಿಂದ ಮದುವೆಯಾದವರು ಚಿಕಿತ್ಸೆಯ ಕಾಲದಲ್ಲಿಯೂ, ಆಮೇಲೆ ವೈದ್ಯರು ಹೇಳುವವರೆಗೂ ಗರ್ಭ ನಿಲ್ಲದಂತೆ ಜಾಗರೂಕರಾಗಿರಬೇಕು.

ನುಗ್ಗೆ ಬೆಳೆಯುವವರಿಗೆ

ನುಗ್ಗೆಯನ್ನು ಬೆಳೆಯಬೇಡಿರೆಂದು ನಾನು ಹೇಳುವುದಿಲ್ಲ. ಆಹಾರವಾಗಿ ಅದು ಉತ್ತಮವಾದುದು. ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದ ‘ಭಾಗ್ಯ’ ತಳಿ, ತಮಿಳುನಾಡಿನ ಪೆರಿಯಕುಳಂನಿಂದ ಬಂದ ‘ಪಿ.ಕೆ.ಎಂ.-೧’ ತಳಿ ಇವು ಒಣಸೀಮೆಗೆ ಒಗ್ಗುತ್ತವೆ. ಎರೆಭೂಮಿಯಲ್ಲಿ ನೀರು ನಿಂತರೆ ಬೇರು ಕೊಳೆಯುವುದರಿಂದ ಏರುಮಡಿ ಮಾಡಿ, ಎರಡೂವರೆ ಮೀಟರು ಅಂತರದಲ್ಲಿ ಮುಂಗಾರಿನ ಪ್ರಾರಂಭಕ್ಕೆ ಹಚ್ಚಬೇಕು. ಸಸಿ ಮೊಳಕಾಲಿಗಿಂತ ಮೇಲೆ, ಸುಮಾರು ೭೫ ಸೆಂಟಿಮೀಟರು ಬೆಳೆದಾಗ ತುದಿ ಚಿವುಟಿದರೆ ಟೊಂಗೆಗಳು ಹೆಚ್ಚುವುವು. ಕೀಟನಾಶಕ ಹೊಡೆದ ಗಿಡದ ಸೊಪ್ಪನ್ನು ಕೂಡಲೆ ಕೀಳಕೂಡದು. ಒಣಗಿಸುವುದಾದರೆ ನೆರಳಿನಲ್ಲಿ ಒಣಗಿಸಬೇಕು. ಬೇರು, ತೊಗಟೆಗಳನ್ನು ಸೇವಿಸಕೂಡದು.

ಪುಡಿಯನ್ನು ಮಾರುವವರು ಆಹಾರವೆಂದೇ ಮಾರಬೇಕು. ಅದಕ್ಕೆ ಆಹಾರ ಸುರಕ್ಷತೆಯ ನೋಂದಣಿ ಬೇಕು. ಕ್ಯಾನ್ಸರ್ ವಾಸಿಮಾಡುವುದೆಂದು ಜಾಹೀರಾತು ಮಾಡುವುದು ೧೯೫೪ರ ಕಾಯಿದೆಯ ಪ್ರಕಾರ ಅಪರಾಧ. “ಔಷಧಕ್ಕಾಗಿ ಬೇಕು, ದುಪ್ಪಟ್ಟು ಬೆಲೆ ಕೊಡುವೆವು” ಎಂದು ಮುಂಗಡ ಹಣ ಕೇಳಿ ಸಸಿ ಮಾರಲು ಬರುವವರ ಮಾತಿಗೆ ಮರುಳಾಗಿ ಹೊಲವನ್ನೆಲ್ಲ ನುಗ್ಗೆಗೆ ಕೊಡಬಾರದು.

ಇಂಡಿಯ ಆ ರೈತರನ್ನು ಮತ್ತೆ ಕಂಡಾಗ ಈ ವಿಷಯವೆಲ್ಲ ನನಗೆ ತಿಳಿದಿತ್ತು. ಆದರೆ ಅಷ್ಟರಲ್ಲಿ ಹುಡುಗನಿಗೆ ಎರಡು ಸರತಿ ಔಷಧ ಆಗಿಹೋಗಿತ್ತು. ದಿನಾಲು ತಪ್ಪದೆ ನುಗ್ಗೆಯ ಪುಡಿ ಕೊಡುತ್ತಿರುವುದಾಗಿ ಅವರು ವಿಶ್ವಾಸದಿಂದ ಹೇಳಿದರು. ಪುಡಿಯ ವಿಷಯವನ್ನು ವೈದ್ಯರಿಗೆ ತಿಳಿಸಿರೆಂದೂ, ಅವರನ್ನು ಕೇಳುವವರೆಗೆ ನಿಲ್ಲಿಸಿರೆಂದೂ ಹೇಳಿದೆನು. ಹುಡುಗನು ಗುಣಮುಖನಾಗುತ್ತಿದ್ದಾನೆ, ಉಳಿದುದನ್ನು ಕಾಲವೇ ಹೇಳಬೇಕು. ಇನ್ನೊಂದು ಮನೆಯವರು ಇದೇ ಪ್ರಶ್ನೆಯನ್ನು ಕೇಳಿದರೆ, ಅವರ ಊರಿನ ಓದು ಬಲ್ಲವರು ಅವರನ್ನು ನುಗ್ಗೆಯ ಗಿಡದ ಕಡೆಗಲ್ಲ, ಮೊದಲು ವೈದ್ಯರ ಕಡೆಗೆ ಕಳುಹಿಸಬೇಕೆಂದು ನನ್ನ ವಿನಂತಿ.