ಹಳೆಯ ಕಂಪ್ಯೂಟರ್‌ಗಳ ವ್ಯಾಪಾರ: ಲಾಟ್ ಕೊಳ್ಳುವ ಮುನ್ನ

ಮಗನೋ, ತಮ್ಮನೋ, ಗಲ್ಫ್‌ನಿಂದ ಮರಳಿದ ಪತಿಯೋ ಒಂದು ದಿನ ಹೇಳುತ್ತಾರೆ: “ಕಂಪೆನಿಯವರು ಹಳೆಯ ಲ್ಯಾಪ್‌ಟಾಪ್‌ಗಳನ್ನು ಅಗ್ಗಕ್ಕೆ ಮಾರುತ್ತಿದ್ದಾರೆ. ಇಪ್ಪತ್ತು ತಂದು ಮಾರಿದರೆ ದುಪ್ಪಟ್ಟು ಲಾಭ.” ಬಂಡವಾಳಕ್ಕಾಗಿ ಕಣ್ಣು ಹೋಗುವುದು ನಿಮ್ಮ ಉಳಿತಾಯದ ಕಡೆಗೆ, ಇಲ್ಲವೇ ಕೈಯ ಬಳೆಗಳ ಕಡೆಗೆ. ಆದ್ದರಿಂದ ಸಹೋದರಿಯರೇ, ಈ ವ್ಯಾಪಾರದ ಒಳಹೊರಗನ್ನು ನೀವೂ ತಿಳಿದಿರಬೇಕು.

ವ್ಯಾಪಾರವೇನೋ ಒಳ್ಳೆಯದೇ. ದೊಡ್ಡ ಕಂಪೆನಿಗಳು ಕೆಲವು ವರ್ಷಗಳಿಗೊಮ್ಮೆ ಕಂಪ್ಯೂಟರ್‌ಗಳನ್ನು ಒಟ್ಟಿಗೆ ಬದಲಾಯಿಸುತ್ತವೆ. ಕಚೇರಿ ಮುಚ್ಚಿದಾಗ, ಕಂಪೆನಿ ದಿವಾಳಿಯಾದಾಗಲೂ ಮಾಲು ಹೊರಬರುತ್ತದೆ. ಸರಕಾರಿ ಸಂಸ್ಥೆಗಳ ಹಳೆಯ ಸಾಮಾನು ಎಂಎಸ್‌ಟಿಸಿ ಎಂಬ ಕೇಂದ್ರ ಸರಕಾರಿ ಸಂಸ್ಥೆಯ ಆನ್‌ಲೈನ್ ಹರಾಜಿನಲ್ಲಿ ಬಿಕರಿಯಾಗುವುದುಂಟು. ಬೆಂಗಳೂರಿನ ಸದರ್ ಪತ್ರಪ್ಪ ರಸ್ತೆ, ಅಂದರೆ ಎಲ್ಲರೂ ಎಸ್.ಪಿ. ರೋಡ್ ಎನ್ನುವ ಬೀದಿಯಲ್ಲಿ ಬಿಡಿಭಾಗಗಳೂ ಸಿಗುತ್ತವೆ, ರಿಪೇರಿ ಬಲ್ಲವರೂ ಸಿಗುತ್ತಾರೆ.

ತೊಂದರೆ ಇರುವುದು ಲಾಟ್‌ನಲ್ಲಿ. ಹರಾಜಿನ ಷರತ್ತು ಸಾಮಾನ್ಯವಾಗಿ “ಇದ್ದಲ್ಲಿ, ಇದ್ದಂತೆ” ಎಂದಿರುತ್ತದೆ. ಕೊಂಡ ಮೇಲೆ ಕೆಟ್ಟದ್ದನ್ನು ಹಿಂದಿರುಗಿಸುವಂತಿಲ್ಲ. ನೋಡಲು ದಿನ ಗೊತ್ತುಮಾಡಿದ್ದರೆ ಹೋಗಿ ನೋಡಲೇಬೇಕು. ನೋಡದೆ ಕೊಳ್ಳುವುದೆಂದರೆ ನೀರಲ್ಲಿರುವ ಎಮ್ಮೆಗೆ ಬೆಲೆ ಕಟ್ಟಿದಂತೆ.

ಒಂದು ಲೆಕ್ಕ ಹಾಕಿ ನೋಡಿ. 20 ಲ್ಯಾಪ್‌ಟಾಪ್‌ಗಳ ಲಾಟ್‌ಗೆ 1,20,000 ರೂಪಾಯಿ ಕೊಟ್ಟಿರೆಂದು ಇಟ್ಟುಕೊಳ್ಳಿ. ಒಂದಕ್ಕೆ 6,000 ಬಿತ್ತು, ಖುಷಿಯಾಯಿತು. ಮನೆಗೆ ತಂದು ನೋಡಿದರೆ 5 ಸತ್ತುಹೋಗಿವೆ. ಉಳಿದ 15ಕ್ಕೆ ಬ್ಯಾಟರಿ, ಎಸ್‌ಎಸ್‌ಡಿ, ಚಾರ್ಜರ್ ಎಂದು ಸರಾಸರಿ 2,500ರಂತೆ 37,500 ಖರ್ಚು. ಸಾಗಾಟಕ್ಕೆ 4,500. ಒಟ್ಟು 1,62,000. ಹದಿನೈದರಿಂದ ಭಾಗಿಸಿದರೆ ಒಂದಕ್ಕೆ 10,800! ಆರು ಸಾವಿರದ ಮಾಲು ಮಾರುವ ಮೊದಲೇ ಹತ್ತು ಸಾವಿರ ದಾಟಿತು. ಸತ್ತ ಐದರ ಪರದೆ, ಕೀಬೋರ್ಡ್, ರ‍್ಯಾಮ್ ಬೇರೆಯವಕ್ಕೆ ಹೊಂದಿದರೆ ಸ್ವಲ್ಪ ಉಳಿತಾಯ. ಅದಕ್ಕೇ ಅನುಭವಸ್ಥರು ಒಂದೇ ಮಾದರಿಯ ಲಾಟ್‌ಗೆ ಹೆಚ್ಚು ಬೆಲೆ ಕೊಡುತ್ತಾರೆ. ಹತ್ತು ಬಗೆಯ ಬೆರಕೆ ಲಾಟ್ ಅಗ್ಗವಾಗಿ ಕಂಡರೂ ಹೊಸಬರು ಅದರ ತಂಟೆಗೆ ಹೋಗದಿರುವುದೇ ಮೇಲು.

ಇನ್ನೊಂದು ಮಾತು. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಕಂಪೆನಿಯು ವಿಂಡೋಸ್ 10ರ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ವಿಂಡೋಸ್ 11ಕ್ಕೆ ಸಾಮಾನ್ಯವಾಗಿ ಇಂಟೆಲ್‌ನ ಎಂಟನೇ ತಲೆಮಾರಿನ ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಬೇಕು. ಗುರುತಿಸುವುದು ಕಷ್ಟವಲ್ಲ. “ಐ5-6300ಯು” ಎಂದಿದ್ದರೆ ಗೆರೆಯ ನಂತರದ ಅಂಕಿ 6, ಅದು ಆರನೇ ತಲೆಮಾರು. “ಐ5-8250ಯು” ಎಂದಿದ್ದರೆ ಎಂಟನೆಯದು. ಹಳೆಯ ತಲೆಮಾರಿನ ಯಂತ್ರಗಳು ಈಗ ರಾಶಿರಾಶಿಯಾಗಿ ಬರುತ್ತವೆ, ಅಗ್ಗವಾಗಿಯೂ ಬರುತ್ತವೆ. ಲಿನಕ್ಸ್ ಹಾಕಿದರೆ ಅವು ಟೈಪಿಂಗ್‌ಗೆ, ಮಕ್ಕಳ ಪಾಠಕ್ಕೆ ಧಾರಾಳ ಸಾಕು. ಆದರೆ ಕೊಳ್ಳುವವರಿಗೆ ಅದನ್ನು ಹೇಳಿಯೇ ಮಾರಬೇಕು, ಬೆಲೆಯನ್ನೂ ಅದಕ್ಕೆ ತಕ್ಕಂತೆ ಇಳಿಸಬೇಕು.

ಮನೆಯಲ್ಲೇ ಕುಳಿತು ಮಾಡುವ ಕೆಲಸ ಇದರಲ್ಲಿ ಬಹಳಷ್ಟಿದೆ. ನಿಜ ಹೇಳಬೇಕೆಂದರೆ ಲಾಭವಿರುವುದೂ ಆ ತಾಳ್ಮೆಯ ಕೆಲಸದಲ್ಲೇ. ಪ್ರತಿ ಯಂತ್ರಕ್ಕೊಂದು ಸಂಖ್ಯೆ ಕೊಟ್ಟು ಪುಸ್ತಕದಲ್ಲಿ ಬರೆಯಿರಿ: ಪರದೆಯಲ್ಲಿ ಚುಕ್ಕೆ ಇದೆಯೇ, ಎಲ್ಲ ಕೀಲಿಗಳು ಒತ್ತುತ್ತವೆಯೇ, ಬ್ಯಾಟರಿ ಎಷ್ಟು ಹೊತ್ತು ನಿಲ್ಲುತ್ತದೆ, ಕ್ಯಾಮರಾ, ವೈಫೈ, ಸ್ಪೀಕರ್ ಹೇಗಿವೆ ಎಂದು. ವಿಂಡೋಸ್‌ನಲ್ಲಿ “ಪವರ್‌ಸಿಎಫ್‌ಜಿ” ಆದೇಶದಿಂದ ಬ್ಯಾಟರಿಯ ವರದಿ ತೆಗೆಯಬಹುದು. ಹೊಸದಾಗಿದ್ದಾಗ ಎಷ್ಟು ತುಂಬುತ್ತಿತ್ತು, ಈಗ ಎಷ್ಟು ಎಂಬುದು ಅದರಲ್ಲೇ ಸಿಗುತ್ತದೆ. ಬಯೋಸ್‌ಗೆ ಪಾಸ್‌ವರ್ಡ್ ಇದ್ದರೆ, ಅಥವಾ ಕಂಪೆನಿಯು ಯಂತ್ರವನ್ನು ತನ್ನ ನಿಯಂತ್ರಣದ ಪಟ್ಟಿಯಿಂದ ತೆಗೆದಿರದಿದ್ದರೆ, ಅದು ಹೊರಗೆ ಹೊಸದರಂತೆ ಹೊಳೆದರೂ ಕೊಂಡವರಿಗೆ ಉಪಯೋಗಕ್ಕೆ ಬಾರದು. ಕಂಪೆನಿಯ ಸಾಮೂಹಿಕ ಪರವಾನಗಿಯ ಆಫೀಸ್ ತಂತ್ರಾಂಶವೂ ಯಂತ್ರದ ಜೊತೆ ನಿಮ್ಮದಾಗುವುದಿಲ್ಲ.

ಹಾರ್ಡ್‌ಡಿಸ್ಕ್ ಬಗ್ಗೆ ವಿಶೇಷ ಎಚ್ಚರ ಬೇಕು. ಎಷ್ಟೋ ಕಂಪೆನಿಗಳು ಅದನ್ನು ಕಳಚಿಯೇ ಮಾರುತ್ತವೆ. ಆದರೆ ಸಣ್ಣ ಕಚೇರಿ, ಕ್ಲಿನಿಕ್, ಅಂಗಡಿಗಳ ಕಂಪ್ಯೂಟರ್‌ಗಳಲ್ಲಿ ಜನರ ಫೋಟೋ, ಆಧಾರ್ ಪ್ರತಿ, ಕಾಯಿಲೆಯ ವಿವರಗಳು ಹಾಗೆಯೇ ಉಳಿದಿರಬಹುದು. ಬರೀ ಅಳಿಸಿದರೆ, ತರಾತುರಿಯಲ್ಲಿ ಫಾರ್ಮ್ಯಾಟ್ ಮಾಡಿದರೆ ಅವು ಹೋಗುವುದಿಲ್ಲ. ಬಲ್ಲವರು ಮರಳಿ ತೆಗೆಯುತ್ತಾರೆ. ಡಿಸ್ಕ್ ಪೂರ್ತಿ ಮೇಲೆ ಬೇರೆ ಬರೆದು ಅಳಿಸುವ ತಂತ್ರಾಂಶಗಳಿವೆ, ಎಸ್‌ಎಸ್‌ಡಿಗೆ ಅದರ ತಯಾರಕರದೇ ವಿಧಾನವಿದೆ. ಇನ್ನೊಬ್ಬರ ಮನೆಯ ಹೆಣ್ಣುಮಕ್ಕಳ ಫೋಟೋ ನಿಮ್ಮ ಕೈಯಿಂದ ಮೂರನೆಯವರ ಕೈಗೆ ಹೋಗಬಾರದಷ್ಟೆ.

ಕಾಗದಪತ್ರದ ವಿಷಯ. ಸೀರಿಯಲ್ ನಂಬರ್ ಇರುವ ಬಿಲ್ ಇಲ್ಲದೆ ಮಾಲು ಮುಟ್ಟಬೇಡಿ. ಕದ್ದ ಮಾಲು ಇದೇ ದಾರಿಯಲ್ಲಿ ನುಸುಳುತ್ತದೆ. ಕರ್ನಾಟಕದೊಳಗೆ ಸಾಮಾನು ಮಾರುವವರಿಗೆ ವಾರ್ಷಿಕ ವಹಿವಾಟು 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ಹೊರರಾಜ್ಯಕ್ಕೆ ಮಾರುವುದಾದರೆ ಆ ಮಿತಿ ಅನ್ವಯಿಸುವುದಿಲ್ಲ. ನೋಂದಾಯಿತರು ಹಳೆಯ ಮಾಲನ್ನು ಕೊಂಡಾಗಿನ ತೆರಿಗೆಯನ್ನು ಮರಳಿ ಪಡೆಯದಿದ್ದರೆ, ಕೊಂಡ ಮತ್ತು ಮಾರಿದ ಬೆಲೆಯ ವ್ಯತ್ಯಾಸದ ಮೇಲೆ ಮಾತ್ರ ತೆರಿಗೆ ಕಟ್ಟುವ ಅವಕಾಶ ನಿಯಮದಲ್ಲಿದೆ. ಒಬ್ಬ ಲೆಕ್ಕಪರಿಶೋಧಕರನ್ನು ಮೊದಲೇ ಕೇಳಿಕೊಳ್ಳಿ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳ ಪ್ರಕಾರ, ಹಳೆಯ ಉಪಕರಣಗಳನ್ನು ದುರಸ್ತಿ ಮಾಡಿ ಮಾರುವ ಉದ್ಯಮ ನಡೆಸುವವರು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು.

ಆರಂಭಕ್ಕೆ ಐದಾರು ಯಂತ್ರ ಸಾಕು. ಕಳೆದುಕೊಂಡರೂ ಮನೆ ನಡೆಯುವಷ್ಟೇ ಹಣ ಹಾಕಿ. ಬಳೆಗಳು ಕೈಯಲ್ಲೇ ಇರಲಿ. ಮಾರುವಾಗ ನಿಮ್ಮ ಪುಸ್ತಕದ ಆ ಪುಟದ ಪ್ರತಿಯನ್ನು ಯಂತ್ರದ ಜೊತೆ ಕೊಡಿ, ಒಂದು ತಿಂಗಳ ಖಾತರಿಯನ್ನೂ ಕೊಡಿ. ಕಾಲೇಜಿಗೆ ಹೋಗುವ ಮಗಳಿಗಾಗಿ ಚೀಟಿ ಹಾಕಿ ಹಣ ಕೂಡಿಸಿದ ತಾಯಿಗೆ ಬ್ಯಾಟರಿ ಒಂದೇ ಗಂಟೆ ನಿಲ್ಲುತ್ತದೆಂದು ಮೊದಲೇ ಗೊತ್ತಿರಬೇಕು. ಹಾಗೆ ಗೊತ್ತಿದ್ದೂ ಕೊಂಡವರು ಜಗಳಕ್ಕೆ ಬರುವುದಿಲ್ಲ, ಪಕ್ಕದ ಮನೆಯವರನ್ನು ಕರೆದುಕೊಂಡು ಬರುತ್ತಾರೆ.

ಕೊನೆಗೆ ಮೂಲೆಯಲ್ಲಿ ಉಳಿಯುವ ರಾಶಿ: ಸತ್ತ ಬೋರ್ಡ್‌ಗಳು, ಉಬ್ಬಿದ ಬ್ಯಾಟರಿಗಳು. ಉಬ್ಬಿದ ಬ್ಯಾಟರಿಯನ್ನು ಚಾರ್ಜ್ ಮಾಡಬಾರದು, ಚುಚ್ಚಬಾರದು, ಮಕ್ಕಳ ಕೈಗೆ ಸಿಗುವಲ್ಲಿ ಇಡಬಾರದು, ಬೆಂಕಿ ಹತ್ತಿಕೊಳ್ಳುತ್ತದೆ. ತಂತಿ ಸುಟ್ಟು ತಾಮ್ರ ತೆಗೆಯುವ ಗುಜರಿಯವನಿಗೆ ಇದನ್ನೆಲ್ಲ ಕೊಡಬೇಡಿ. ನೋಂದಾಯಿತ ಮರುಬಳಕೆ ಘಟಕಕ್ಕೆ ಒಪ್ಪಿಸಿ, ರಸೀದಿ ಪಡೆದು ಖರೀದಿ ಬಿಲ್‌ಗಳ ಜೊತೆಯಲ್ಲೇ ಇಟ್ಟುಕೊಳ್ಳಿ.